ಐವರಿಗೆ ಒಂದೇ ಮಣ್ಣು

ಬಣ್ಣದ ಗಿರಣಿಯ ಬಾಯ್ಲರ್ ಸಿಡಿದಾಗ ಕಿಡಿ ತನ್ನ ವರ್ಕ್‌ಶಾಪಿನಲ್ಲಿ ಒಂದು ಗೇಟಿಗೆ ಕೀಲು ಕೂರಿಸುತ್ತಿದ್ದ. ನೆಲ ಒಮ್ಮೆ ಮೇಲೆದ್ದು ಕೂತಂತಾಯಿತು. ಗೋಡೆಯ ಮೊಳೆಗಳಿಗೆ ನೇತುಹಾಕಿದ್ದ ಇಕ್ಕಳ, ಸುತ್ತಿಗೆ ಎಲ್ಲ ಉದುರಿದವು. ಹೊರಗೆ ಬಂದು ನೋಡಿದರೆ ಗಿರಣಿಯ ಕಡೆ ಬಿಳಿ ಹಬೆ, ಅದರ ಬೆನ್ನಿಗೇ ಕಪ್ಪು ಹೊಗೆ. ಆ ಹೊಗೆಯ ಕೆಳಗೆ ಅವನ ಒಬ್ಬನೇ ಮಗ ಬೆಳಗಿನ ಪಾಳಿಯಲ್ಲಿದ್ದ.

ಕಿಡಿ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ವೆಲ್ಡಿಂಗ್ ಕೆಲಸಕ್ಕೂ ಮೂಗಿನ ತುದಿಯ ಕೋಪಕ್ಕೂ ಸೇರಿಸಿ ಬೀದಿಯವರು ಕಟ್ಟಿದ್ದು. ಐವತ್ತು ದಾಟಿದ್ದರೂ ಅವನ ತೋಳಿಗೆ ವಯಸ್ಸಾಗಿರಲಿಲ್ಲ, ಕೋಪಕ್ಕಂತೂ ಇನ್ನೂ ಮೀಸೆ ಕೂಡ ಬಂದಿರಲಿಲ್ಲ. ಅವನು ಗ್ಯಾಸ್ ಸಿಲಿಂಡರುಗಳ ಕೈಗಾಡಿಯನ್ನು ಎಳೆದುಕೊಂಡು, ಎದುರಿಗೆ ಸಿಕ್ಕವರನ್ನು ಭುಜದಿಂದ ಒತ್ತರಿಸಿಕೊಂಡು ಓಡಿದ.

ಬಾಯ್ಲರ್ ಮನೆಯ ಛಾವಣಿ ಹಾರಿಹೋಗಿತ್ತು. ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಪ್ಲೇಟು ಚಾಪೆಯಂತೆ ಸುತ್ತಿಕೊಂಡು ಬಾಗಿಲಿಗೆ ಅಡ್ಡ ಬಿದ್ದಿತ್ತು. ಪಕ್ಕದ ಕೋಣೆಯ ಬಣ್ಣದ ಪೀಪಾಯಿಗಳಿಗೆ ಬೆಂಕಿ ಹತ್ತಿ, ಒಳಗೆಲ್ಲ ಹಸಿರು, ನೇರಳೆ ಉರಿ. ಅಗ್ನಿಶಾಮಕದವರು ನೀರು ಹೊಡೆಯುತ್ತಿದ್ದರೇ ವಿನಾ ಒಳಗೆ ಹೋಗಲು ದಾರಿಯಿರಲಿಲ್ಲ. ಕಿಡಿ ಕನ್ನಡಕ ಹಾಕಿಕೊಂಡು ಗ್ಯಾಸ್ ಕಟರ್ ಹೊತ್ತಿಸಿದ. ನೀರು ಬಿದ್ದ ಪ್ಲೇಟು ಚುಯ್ಯೆನ್ನುತ್ತಿತ್ತು, ಅವನ ಶೂಗಳ ಅಟ್ಟೆ ಕರಗಿ ನೆಲಕ್ಕೆ ಅಂಟುತ್ತಿತ್ತು. ಯಾರೋ ಹಿಂದಿನಿಂದ ಸಾಕು ಬಾ ಎಂದು ಎಳೆದರು. ಅವನು ತಿರುಗಿ ನೋಡದೆ ಮೊಣಕೈಯಿಂದ ಆ ಮನುಷ್ಯನ ಮೂಗಿಗೆ ಗುದ್ದಿದ. ಪ್ಲೇಟು ಎರಡಾಗಿ ಬಿದ್ದಾಗ ಮೊದಲು ಒಳಗೆ ಕಾಲಿಟ್ಟವನು ಅವನೇ. ಅವನು ಹುಡುಕುತ್ತಿದ್ದದ್ದು ಮಗನನ್ನು. ಅಲ್ಲಿ ಸಿಕ್ಕಿದ್ದು ಮಗ ಎನ್ನುವಂಥದ್ದಲ್ಲ, ಯಾರೊಬ್ಬರು ಎನ್ನುವಂಥದ್ದೂ ಅಲ್ಲ. ಐದು ಜನ ಒಳಗಿದ್ದರು. ಕುಲುಮೆಯ ಬಾಯಿ ಒಡೆದು ಕೆಂಡವೆಲ್ಲ ಮೇಲೆ ಸುರಿದಿತ್ತು. ಅವನು ಮಂಡಿಯೂರಿ ಕೈಗವಸಿನಲ್ಲೇ ಬೂದಿ ಕೆದಕುತ್ತಿದ್ದಾಗ ನಾಲ್ಕು ಜನ ಸೇರಿ ಅವನನ್ನು ಹೊತ್ತು ಹೊರಗೆ ತಂದರು.

ಆಸ್ಪತ್ರೆಯ ಶವಾಗಾರದ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಯಾವುದು ಯಾರದೆಂದು ಬೇರ್ಪಡಿಸಲು ಆಗುವುದಿಲ್ಲ, ಪರೀಕ್ಷೆಗೂ ಏನೂ ಉಳಿದಿಲ್ಲ, ಐವರನ್ನೂ ಒಟ್ಟಿಗೇ ಕೊಡುತ್ತೇನೆ, ನೀವು ನೀವೇ ತೀರ್ಮಾನ ಮಾಡಿಕೊಳ್ಳಿ ಎಂದುಬಿಟ್ಟರು.

ತೀರ್ಮಾನ ಅಷ್ಟು ಸಲೀಸಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸತ್ತ ಐವರಲ್ಲಿ ಕಿಡಿಯ ಮಗ ಹಳೆಯ ಸಭೆಯವನು. ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಕಿಡಿಯ ತಂಗಿಯ ಗಂಡ, ಹೊಸ ಸಭೆಯವನು. ಇಬ್ಬರು ಮಸೀದಿಯ ಓಣಿಯ ಅಣ್ಣತಮ್ಮಂದಿರು. ಐದನೆಯವನು ಯೆಹೂದಿ, ಮೂಲೆಯಂಗಡಿಯ ದರ್ಜಿಯ ತಮ್ಮ.

ಹಳೆಯ ಸಭೆ, ಹೊಸ ಸಭೆ ಎರಡೂ ಒಂದೇ ಚರ್ಚಿನಿಂದ ಒಡೆದದ್ದು. ಹಸುಗೂಸಿನ ಹಣೆಗೆ ಚಿಮುಕಿಸಿದ ನೀರು ಸಾಕೋ, ಬುದ್ಧಿ ಬಂದ ಮೇಲೆ ಮೈಯೆಲ್ಲ ಮುಳುಗಬೇಕೋ ಎಂಬ ಮಾತಿನಿಂದ ಜಗಳ ಶುರುವಾಗಿ ನೀರು ಎಲ್ಲೋ ಹೋಗಿ ರಕ್ತ ಹರಿದಿತ್ತು. ಕೊನೆಗೆ ಕೋರ್ಟು ಚರ್ಚಿನ ಕಟ್ಟಡವನ್ನು ನಡುವೆ ಸೀಳಿ ಅರ್ಧರ್ಧ ಕೊಟ್ಟಿತು. ನಡುವಿನ ಕಬ್ಬಿಣದ ತಗಡಿನ ಗೋಡೆಯನ್ನು ನಿಲ್ಲಿಸಿದವನು ಕಿಡಿಯೇ. ತಂಗಿ ಗಂಡನ ಹಿಂದೆ ಆಚೆ ಹೋದಳು. ಅಂದಿನಿಂದ ಅಣ್ಣತಂಗಿಯರ ನಡುವೆ ಮಾತಿಲ್ಲ. ಭಾನುವಾರಗಳಂದು ತಗಡಿನ ಆಚೆಯಿಂದ ಅವಳು ಹಾಡುವುದು ಕೇಳುತ್ತಿತ್ತು. ಅಷ್ಟು ದನಿಗಳ ನಡುವೆ ಅವಳ ದನಿ ಅವನಿಗೆ ಗೊತ್ತಾಗುತ್ತಿತ್ತು. ಅವನು ಇನ್ನಷ್ಟು ಗಟ್ಟಿಯಾಗಿ ತನ್ನ ಹಾಡು ಹಾಡುತ್ತಿದ್ದ.

ಹಳೆಯ ಸಭೆಯ ಪಾದ್ರಿಗೆ ಮಾತ್ರ ಬೇರೆಯೇ ಹುಚ್ಚು. ತಿಂಗಳಿಗೊಮ್ಮೆ ಹೊಸ ಸಭೆಯ ಪಾಸ್ಟರನ್ನೂ ಮಸೀದಿಯ ಮೌಲವಿಯನ್ನೂ ಯೆಹೂದಿಗಳ ರಬ್ಬಿಯನ್ನೂ ಕರೆದು ಕೂರಿಸಿಕೊಂಡು, ನಾವೆಲ್ಲ ಹತ್ತಿರ ಬರಲು ಆಗುತ್ತದೆಯೇ ಎಂದು ಚರ್ಚೆ ಮಾಡುತ್ತಿದ್ದರು. ಹೊರಬಂದಾಗ ಒಬ್ಬೊಬ್ಬರ ಮುಖವೂ ಊದಿಕೊಂಡಿರುತ್ತಿತ್ತು, ಮುಂದಿನ ತಿಂಗಳು ಮತ್ತೆ ಸೇರುತ್ತಿದ್ದರು. ನಾಲ್ಕು ಮುದುಕರು ಬಿಸ್ಕತ್ತು ಅದ್ದಿಕೊಂಡು ತಿಂದರೆ ದೇವರು ಒಂದಾಗ್ತಾನಾ ಎಂದು ಕಿಡಿ ಆಡಿಕೊಳ್ಳುತ್ತಿದ್ದ.

ಅದೇ ನಾಲ್ವರು ಈಗ ಶವಾಗಾರದ ಹೊರಗಿನ ಬೆಂಚಿನ ಮೇಲೆ ಕೂತು ಮಾತಾಡಿದರು. ರಬ್ಬಿ ಎಲ್ಲರಿಗಿಂತ ಹಿರಿಯರು, ಒಣಗಿದ ಕಡ್ಡಿಯಂತಿದ್ದರು. ಸುಡುವುದು ನಮ್ಮ ಯಾರಲ್ಲೂ ಇಲ್ಲ, ಮಣ್ಣಿಗೆ ಕೊಡುವುದು ಎಲ್ಲರಲ್ಲೂ ಇದೆ ಎಂದು ಮೊದಲು ಹೇಳಿದವರು ಅವರೇ. ನಮ್ಮೆಲ್ಲರ ಮೂಲಪುರುಷ ಅಬ್ರಹಾಮ ಸತ್ತಾಗ, ದೂರವಾಗಿದ್ದ ಅವನ ಇಬ್ಬರು ಮಕ್ಕಳು ಒಟ್ಟಿಗೆ ಬಂದು ಅಪ್ಪನನ್ನು ಮಣ್ಣು ಮಾಡಿದರು, ನಾವು ಅಷ್ಟನ್ನಾದರೂ ಮಾಡಬಹುದು ಎಂದರು. ಮೌಲವಿ ಗಡ್ಡ ನೀವಿಕೊಂಡು, ಇಬ್ರಾಹೀಮರು ನಮಗೂ ತಂದೆಯೇ, ಆದರೆ ಗೋರಿಯ ಮೇಲೆ ಶಿಲುಬೆ ಬೇಡ ಎಂದರು. ಪಾಸ್ಟರು, ಶಿಲುಬೆಯಿಲ್ಲದೆ ನಮ್ಮವರು ಒಪ್ಪುವುದಿಲ್ಲ ಎಂದರು. ವಾದ ಮಾಡಿ ಮಾಡಿ ಸಂಜೆಯ ಹೊತ್ತಿಗೆ ಒಂದು ಮಾತಿಗೆ ಬಂದರು: ಯಾರ ಸ್ಮಶಾನವೂ ಬೇಡ, ಗಿರಣಿಯ ಹಿಂದಿನ ಬಯಲಿನಲ್ಲಿ ಒಂದೇ ಗುಂಡಿ, ಒಂದೇ ಪೆಟ್ಟಿಗೆ, ಗುರುತು ಯಾವುದೂ ಬೇಡ, ನಾಲ್ವರೂ ಸರದಿಯಂತೆ ಪ್ರಾರ್ಥನೆ ಹೇಳುವುದು.

ಸುದ್ದಿ ಕೇಳಿದ ಕಿಡಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಬೀದಿಯಲ್ಲಿ ಇನ್ನೊಂದು ಮಾತು ಓಡಾಡುತ್ತಿತ್ತು. ಬಾಯ್ಲರಿನ ವಾಲ್ವು ಕೆಟ್ಟಿತ್ತಂತೆ, ನೋಡಿಕೊಳ್ಳಬೇಕಾದವನೇ ನೋಡಲಿಲ್ಲವಂತೆ. ನೋಡಿಕೊಳ್ಳಬೇಕಾದವನು ಎಂದರೆ ತಂಗಿಯ ಗಂಡ. ಮಗನನ್ನು ಕೊಂದವನ ಜೊತೆಗೇ ಮಗನನ್ನು ಹೂಳುವುದೇ? ಅವನು ನೇರ ತಂಗಿಯ ಮನೆಗೆ ಹೋದ. ಎಷ್ಟೋ ವರ್ಷಗಳಿಂದ ಆ ಹೊಸ್ತಿಲು ತುಳಿಯದವನು ಬಾಗಿಲು ತಟ್ಟಲಿಲ್ಲ, ಒದ್ದ. ಚಿಲಕ ಕಿತ್ತು ಬಿತ್ತು.

ತಂಗಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಅವನು ಏನೂ ಕೇಳಲಿಲ್ಲ. ತೋಳು ಹಿಡಿದೆತ್ತಿ ಕೆನ್ನೆಗೆ ಬಾರಿಸಿದ. ಅವಳು ಬೀರುವಿನ ಮೂಲೆಗೆ ಬಡಿದು ಬಿದ್ದಳು, ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅವಳು ಕೂಗಿಕೊಳ್ಳಲಿಲ್ಲ.

"ಇನ್ನೂ ಹೊಡೀಬೇಕಾ? ಹೊಡಿ ಅಣ್ಣ," ಎಂದಳು. "ಹೊಡೆದಾದ್ಮೇಲೆ ನಾನು ಹೇಳೋದು ಕೇಳು."

ಗಂಡ ಬಾಯ್ಲರ್ ನಿಲ್ಲಿಸುತ್ತೇನೆಂದು ಮ್ಯಾನೇಜರನ ಹತ್ತಿರ ಜಗಳವಾಡಿದ್ದನ್ನು ಅವಳು ಹೇಳಿದಳು. ನಿಲ್ಲಿಸಿದರೆ ನೀನು ಮನೆಗೆ ನಡಿ, ಬೇರೆಯವನು ಬರುತ್ತಾನೆ ಎಂದಿದ್ದನಂತೆ. ಕಿಡಿ ಸುಳ್ಳು ಎಂದ. ಅವಳು ಸೆರಗಿನಿಂದ ಹುಬ್ಬು ಒತ್ತಿ ಹಿಡಿದುಕೊಂಡು ಅವನನ್ನೇ ನೋಡಿದಳು.

"ನಿನ್ನ ಮಗನೂ ಅವತ್ತು ಅಲ್ಲೇ ಇದ್ದ. ಮಾವ ಹೇಳ್ತಿರೋದು ಸರಿ ಅಂತ ಮ್ಯಾನೇಜರ್‌ಗೆ ಅವನೂ ಹೇಳ್ದ. ಅವರಿಬ್ಬರೂ ದಿನಾ ಒಂದೇ ಡಬ್ಬಿಲಿ ಊಟ ಮಾಡ್ತಿದ್ರು ಅಣ್ಣ. ಕೆಲಸ ಬಿಟ್ಟ ಮೇಲೆ ಅವನು ಇಲ್ಲಿಗೆ ಬಂದು ನನ್ನ ಕೈಯಡುಗೆ ತಿಂದೇ ಮನೆಗೆ ಹೋಗ್ತಿದ್ದ. ನಿನಗೆ ಗೊತ್ತಾದ್ರೆ ಕೊಂದುಬಿಡ್ತೀಯ ಅಂತ ಹೆದರ್ತಿದ್ದ."

ಈ ಮಾತು ಕಿಡಿಯ ಕೋಪವನ್ನು ಇಳಿಸಲಿಲ್ಲ. ಮನೆಗೆ ಬಂದು, ಹಸಿವಿಲ್ಲ ಅಪ್ಪಾ ಎಂದು ತಟ್ಟೆ ಸರಿಸುತ್ತಿದ್ದ ಮಗ ಅವನ ಕಣ್ಣ ಮುಂದೆ ಬಂದ. ತನ್ನ ಬೆನ್ನ ಹಿಂದೆ ಎಲ್ಲರೂ ಒಂದಾಗಿ, ತಾನೊಬ್ಬನೇ ತಗಡಿನ ಈಚೆ ಉಳಿದಿದ್ದೆ ಎಂಬುದು ಯಾವ ಹೊಡೆತಕ್ಕಿಂತಲೂ ಹೆಚ್ಚು ನೋಯಿಸಿತು. ಹೋಗುವಾಗ ಅಡುಗೆಮನೆಯ ಶೆಲ್ಫನ್ನು ಎಳೆದು ಕೆಡವಿ, ಪಾತ್ರೆಗಳನ್ನೆಲ್ಲ ತುಳಿದುಕೊಂಡು ಹೋದ.

ಮರದ ಸಾಹುಕಾರ ಅವನಿಗಾಗಿ ವರ್ಕ್‌ಶಾಪಿನಲ್ಲೇ ಕಾಯುತ್ತಿದ್ದ. ಹಳೆಯ ಸಭೆಯ ಹಿರಿಯ, ಮರದ ಅಡ್ಡೆಯ ಮಾಲೀಕ. ಪಾದ್ರಿಯ ಚಹಾಕೂಟವನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಜೊತೆಗೆ ಅಡ್ಡೆಯ ಹಮಾಲಿ ಲಂಬು. ಚರ್ಚಿನಲ್ಲಿ ಕಿಡಿಯ ಪಕ್ಕದಲ್ಲೇ ಕೂರುತ್ತಿದ್ದ, ಮುದಿ ತಾಯಿಯನ್ನು ಕೈಹಿಡಿದು ಕರೆತರುತ್ತಿದ್ದ ಉದ್ದನೆಯ ಆಳು. ಪೆಟ್ಟಿಗೆಯನ್ನು ದಾರಿಯಲ್ಲೇ ತಡೆದು ನಮ್ಮ ಸ್ಮಶಾನಕ್ಕೆ ಒಯ್ದುಬಿಡೋಣ ಎಂಬುದು ಸಾಹುಕಾರನ ಲೆಕ್ಕಾಚಾರ.

"ಹೆಣ ಕೇಳೋ ಹಕ್ಕು ಅಪ್ಪಂದು. ನೀನು ಮುಂದೆ ನಿಂತ್ಕೊ, ಹಿಂದೆ ನಾವಿರ್ತೀವಿ," ಎಂದ.

ಕಿಡಿ ಹೂಂ ಎಂದ. ಅವನು ಹೂಂ ಎಂದದ್ದು ಊರೆಲ್ಲ ಹರಡಿತು. ಹೊಸ ಸಭೆಯವರು ಬೆಂಚುಗಳ ಕಾಲು ಕಿತ್ತು ದೊಣ್ಣೆ ಮಾಡಿಕೊಂಡರು. ಮಸೀದಿಯ ಓಣಿಯಲ್ಲಿ ಮೌಲವಿ ಎಷ್ಟು ಬೈದರೂ ಕೇಳದೆ ಮಹಡಿಗಳ ಮೇಲೆ ಕಲ್ಲು ಏರಿದವು. ಯೆಹೂದಿಗಳು ಇದ್ದದ್ದೇ ಬೆರಳೆಣಿಕೆಯಷ್ಟು ಮನೆ. ಅವರು ಅಂಗಡಿಗಳ ಷಟರ್ ಎಳೆದು ಒಳಗಿನಿಂದ ಬೀಗ ಹಾಕಿಕೊಂಡರು.

ಮಣ್ಣು ಮಾಡುವ ದಿನ ಬೆಳಿಗ್ಗೆ ಕಿಡಿ ಕಬ್ಬಿಣದ ಸಲಾಕೆಯೊಂದನ್ನು ಆರಿಸಿಕೊಳ್ಳುತ್ತಿದ್ದಾಗ ಹೆಂಡತಿ ಬಂದು ಎದುರಿಗೆ ನಿಂತಳು. ಬೆಂಕಿಯ ದಿನದಿಂದ ಅವಳ ಬಾಯಿಂದ ಒಂದು ಅಕ್ಷರ ಹೊರಟಿರಲಿಲ್ಲ.

"ಯಾವುದು ನನ್ನ ಮಗನ ಮೂಳೆ, ಯಾವುದು ಅವರದು ಅಂತ ತೋರಿಸ್ರೀ," ಎಂದಳು. "ತೋರಿಸಿದ್ರೆ ನಾನೂ ನಿಮ್ಮ ಜೊತೆ ಬಂದು ಕೇಳ್ತೀನಿ."

ಅವನು ಸಲಾಕೆಯನ್ನು ಕೈಯಿಂದ ಕೈಗೆ ಬದಲಾಯಿಸಿದ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಹೋದದ್ದು ತಂಗಿಯ ಮನೆಗೆ ಎಂದು ಅವನಿಗೆ ಬಯಲಿನಲ್ಲಿ ಅವರಿಬ್ಬರನ್ನೂ ಒಟ್ಟಿಗೆ ಕಂಡಾಗ ತಿಳಿಯಿತು.

ಬಯಲಿನಲ್ಲಿ ಗುಂಡಿ ಸಿದ್ಧವಾಗಿತ್ತು. ಬಿಳಿ ಬಟ್ಟೆ ಹೊದಿಸಿದ ಅಗಲವಾದ ಪೆಟ್ಟಿಗೆಯನ್ನು ನಾಲ್ವರು ಗುರುಗಳೂ ಸತ್ತವರ ಮನೆಯವರೂ ಹೊತ್ತು ತಂದು ಗುಂಡಿಯ ಅಂಚಿನಲ್ಲಿ ಇಳಿಸುತ್ತಿದ್ದರು. ಅಷ್ಟರಲ್ಲಿ ಕಿಡಿ ಅಡ್ಡ ಬಂದ. ಅವನ ಹಿಂದೆ ಸಾಹುಕಾರನ ಜನ, ಕೈಯಲ್ಲಿ ಮರ ಎಳೆಯುವ ಉದ್ದ ಹಿಡಿಯ ಕೊಕ್ಕೆಗಳು.

ಪೆಟ್ಟಿಗೆ ಕೊಡಿ ಎಂದ ಕಿಡಿ. ಪಾದ್ರಿ ಮೆಲ್ಲಗೆ, ಬೇಡಪ್ಪ, ಇಲ್ಲಿ ನಾಲ್ಕು ಮನೆಯ ದುಃಖ ಇದೆ ಎಂದರು. ಪಾಸ್ಟರು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ. ಅವರು, ನಿನ್ನ ಮಗ ನಿನಗಿಂತ ಒಳ್ಳೇ ಕ್ರೈಸ್ತನಾಗಿದ್ದ ಎಂದುಬಿಟ್ಟರು. ಕಿಡಿಯ ಸಲಾಕೆ ಮೇಲೆದ್ದಿತು. ಪಾದ್ರಿ ನಡುವೆ ನುಗ್ಗಿದರು. ಏಟು ಬಿದ್ದದ್ದು ಅವರ ದವಡೆಗೆ. ಒಣಕಟ್ಟಿಗೆ ಮುರಿದ ಸದ್ದಾಯಿತು. ಕಿಡಿಯನ್ನು ಹಸುಗೂಸಾಗಿದ್ದಾಗ ಕೈಯಲ್ಲಿ ಹಿಡಿದು ಹಣೆಗೆ ನೀರು ಚಿಮುಕಿಸಿದ್ದ ಮನುಷ್ಯ, ಬಾಯಿಂದ ರಕ್ತವನ್ನೂ ಹಲ್ಲನ್ನೂ ಉಗುಳುತ್ತಾ ಅವನ ಕಾಲಬುಡದಲ್ಲಿ ಕುಸಿದರು.

ಆಮೇಲೆ ಯಾರು ಯಾರನ್ನು ಹೊಡೆದರೆಂದು ಕೇಳಬಾರದು. ಕಲ್ಲುಗಳು ಹಾರಿಬಂದವು. ದೊಣ್ಣೆಯೊಂದು ಮೌಲವಿಯ ತಲೆಗೆ ಬಿದ್ದು ಅವರ ಬಿಳಿಗಡ್ಡ ಕೆಂಪಾಯಿತು. ಒಬ್ಬನ ಕಿವಿಯನ್ನು ಇನ್ನೊಬ್ಬ ಕಚ್ಚಿ ಹಿಡಿದಿದ್ದ. ದರ್ಜಿಯನ್ನು ಮೂವರು ಸೇರಿ ತುಳಿಯುತ್ತಿದ್ದರು, ಆ ಮೂವರೂ ಮೂರು ಪಕ್ಷದವರು. ತಳ್ಳಾಟದಲ್ಲಿ ರಬ್ಬಿ ಗುಂಡಿಯೊಳಗೆ ಬಿದ್ದರು. ಅವರ ಬೆನ್ನಿಗೇ ಪೆಟ್ಟಿಗೆ ಜಾರಿ ಅವರ ಕಾಲಿನ ಮೇಲೆ ಕೂತಿತು. ಆ ಮುದುಕನ ನರಳಾಟ ಅಷ್ಟು ಗದ್ದಲದಲ್ಲೂ ಕೇಳಿಸಿತು.

ಸಾಹುಕಾರ, ಎಳೀರಿ ಮೇಲಕ್ಕೆ ಎಂದು ಕೂಗಿದ. ಕೊಕ್ಕೆಗಳು ಪೆಟ್ಟಿಗೆಯ ಹಲಗೆಗೆ ಕಚ್ಚಿಕೊಂಡವು. ಹಲಗೆ ಸೀಳುತ್ತಿದ್ದ ಹಾಗೆ ಕಿಡಿಯ ತಂಗಿ ಗುಂಡಿಗೆ ಹಾರಿ, ಎರಡೂ ಕೈ ಚಾಚಿ ಪೆಟ್ಟಿಗೆಯ ಮೇಲೆ ಬೋರಲು ಬಿದ್ದಳು. ಲಂಬು ಕೊಕ್ಕೆಯನ್ನು ಕಿತ್ತು ಮತ್ತೆ ಬೀಸಿದ. ಅವಳನ್ನು ನೋಡಿ ಬೀಸಿದನೋ ಹಲಗೆಗೆ ಗುರಿಯಿಟ್ಟು ತಪ್ಪಿದನೋ, ಅದು ಅವನ ಜೊತೆಗೇ ಹೋಯಿತು. ಕೊಕ್ಕೆ ಅವಳ ಬಲಗೈಯ ಅಂಗೈಯನ್ನು ತೂರಿ ಪೆಟ್ಟಿಗೆಗೆ ನಾಟಿತು. ಅವನು ಎಳೆದಾಗ ಅವಳ ತೋಳೂ ಮೇಲಕ್ಕೆ ಬಂತು.

ಕಿಡಿ ಆ ಹೊತ್ತಿನವರೆಗೆ ಪಾದ್ರಿಯ ಪಕ್ಕದಲ್ಲಿ ಕಲ್ಲಾಗಿ ನಿಂತಿದ್ದ. ತಂಗಿಯ ಕೂಗು ಕೇಳಿದ್ದೇ ಅವನು ಗುಂಡಿಯ ಅಂಚಿಗೆ ಬಂದ. ಲಂಬುವಿನ ತಲೆಗೆ ಒಂದೇ ಏಟು. ಲಂಬು ಕೂತ ಹಾಗೆ ಕುಸಿದು ಪಕ್ಕಕ್ಕೆ ವಾಲಿದ, ಮತ್ತೆ ಏಳಲಿಲ್ಲ. ಮುಂದಿನ ಏಟು ಸಾಹುಕಾರನ ಮಂಡಿಗೆ. ಆಮೇಲೆ ಗುಂಡಿಯ ಹತ್ತಿರ ಬಂದವರನ್ನೆಲ್ಲ ಅವನು ಹೊಡೆದ. ಹಳೆಯ ಸಭೆಯವನ ಭುಜ, ಹೊಸ ಸಭೆಯವನ ಮುಂಗೈ, ಮಸೀದಿ ಓಣಿಯವನ ಪಕ್ಕೆಲುಬು. ಆ ಬಯಲಿನಲ್ಲಿ ಎಲ್ಲ ಮತದವರನ್ನೂ ಸಮನಾಗಿ ಕಂಡವನು ಅವನೊಬ್ಬನೇ ಎಂದು ಜನ ಆಮೇಲೆ ಕಹಿಯಾಗಿ ನಕ್ಕರು. ಅವನ ಹಣೆಗೂ ಕಲ್ಲು ಬಿದ್ದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು.

ಅವನು ಹಿಂದೆ ತಿರುಗದೆಯೇ, "ಮಣ್ಣು ಹಾಕಿ," ಎಂದ. "ಸರದಿ ಗಿರದಿ ಬೇಡ. ಎಲ್ಲ ಒಟ್ಟಿಗೇ ಹೇಳಿ."

ಅವನ ಹೆಂಡತಿಯೂ ಸತ್ತ ಅಣ್ಣತಮ್ಮಂದಿರ ತಾಯಿಯೂ ಸೇರಿ ರಬ್ಬಿಯನ್ನು ಕಂಕುಳಿಗೆ ಕೈಕೊಟ್ಟು ಮೇಲೆಳೆದರು. ತಂಗಿ ತಾನೇ ಕೊಕ್ಕೆ ಬಿಡಿಸಿಕೊಂಡು ಮೇಲೆ ಬಂದಳು. ಮೌಲವಿ ಒಂದು ಕೈಯಿಂದ ತಲೆಯ ಗಾಯ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಮಣ್ಣು ಎಸೆಯುತ್ತಾ ತಮ್ಮ ಪ್ರಾರ್ಥನೆ ಶುರು ಮಾಡಿದರು. ರಬ್ಬಿ ನೆಲದ ಮೇಲೆ ಮಲಗಿದಲ್ಲಿಂದಲೇ ತಮ್ಮದನ್ನು ಹೇಳಿದರು. ಪಾಸ್ಟರು ಹೊಸ ಸಭೆಯ ಪ್ರಾರ್ಥನೆಯನ್ನು ಗಡಿಬಿಡಿಯಲ್ಲಿ ಮುಗಿಸಿ ಪಾದ್ರಿಯ ಕಡೆ ನೋಡಿದರು. ಪಾದ್ರಿ ದವಡೆ ಹಿಡಿದುಕೊಂಡು ಬಾಯಿ ತೆರೆಯಲಾಗದೆ ಒದ್ದಾಡುತ್ತಿದ್ದರು. ಪಾಸ್ಟರೂ ಚಿಕ್ಕಂದಿನಲ್ಲಿ ಹಳೆಯ ಚರ್ಚಿನಲ್ಲೇ ಬೆಳೆದವರು. ವರ್ಷಗಟ್ಟಲೆ ತಪ್ಪು, ಸತ್ತ ಮಾತು ಎಂದು ಪೀಠದಿಂದ ಹೀಯಾಳಿಸಿದ್ದ ಆ ಹಳೆಯ ಪ್ರಾರ್ಥನೆಯನ್ನು ಅವರು ಪಾದ್ರಿಯ ಕೈ ಹಿಡಿದುಕೊಂಡು ಮೊದಲಿಂದ ಕೊನೆಯವರೆಗೆ ಹೇಳಿದರು. ಒಂದೆರಡು ಕಡೆ ಮರೆತಾಗ ಪಾದ್ರಿ ಅವರ ಕೈ ಒತ್ತಿ ತಡೆದರು, ನೆನಪಾದ ಮೇಲೆ ಮುಂದುವರಿದರು. ಮೂರು ಭಾಷೆಯ ಮಾತು ಒಂದರ ಮೇಲೊಂದು ಬಿದ್ದು ಯಾವುದೂ ಸ್ಪಷ್ಟವಾಗಲಿಲ್ಲ. ಹೆಂಗಸರು ಬರಿಗೈಯಲ್ಲೇ ಮಣ್ಣು ತಳ್ಳಿದರು.

ಪೊಲೀಸರು ಬಂದು ಲಾಠಿ ಬೀಸುವ ಹೊತ್ತಿಗೆ ಪೆಟ್ಟಿಗೆ ಕಾಣದಷ್ಟು ಮಣ್ಣು ಬಿದ್ದಿತ್ತು. ಕಿಡಿ ಸಲಾಕೆ ಕೆಳಗಿಟ್ಟು ಕೈ ಚಾಚಿದ. ಅವನನ್ನು ಜೀಪಿಗೆ ಏರಿಸುವಾಗ ಲಂಬುವಿನ ತಾಯಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರಾದರೂ ಡಾಕ್ಟರಿಗೆ ಹೇಳಿ ಎಂದು ಎಲ್ಲರ ಮುಖವನ್ನೂ ನೋಡುತ್ತಿದ್ದಳು. ಲಂಬು ಆಸ್ಪತ್ರೆ ಸೇರಿದ ಮೇಲೆ ಕಣ್ಣು ತೆರೆಯದೆಯೇ ಸತ್ತ.

ಕಿಡಿ ಕೋರ್ಟಿನಲ್ಲಿ ವಾದ ಮಾಡಲಿಲ್ಲ. ಹೊಡೆದೆ ಎಂದ. ಪಾದ್ರಿಯನ್ನೂ ಹೊಡೆದೆ ಎಂದು ಕೇಳದಿದ್ದರೂ ಹೇಳಿದ. ದೀರ್ಘ ಶಿಕ್ಷೆಯಾಯಿತು. ಅವನ ವರ್ಕ್‌ಶಾಪಿಗೆ ಯಾರೋ ಬೆಂಕಿ ಇಟ್ಟರು. ಸಾಹುಕಾರ ಊರುಗೋಲು ಹಿಡಿದುಕೊಂಡು ಓಡಾಡುತ್ತಾ, ಇದೆಲ್ಲ ಆ ಚಹಾಕೂಟದಿಂದ ಆದದ್ದು ಎಂದು ಚರ್ಚಿನ ಮೇಲಿನವರಿಗೆ ದೂರು ಕೊಟ್ಟ. ಮೇಲಿನವರು ಪಾದ್ರಿಯನ್ನು ದೂರದ ಊರಿಗೆ ವರ್ಗ ಮಾಡಿದರು.

ಹೊರಡುವ ಮುನ್ನ ಪಾದ್ರಿ ಜೈಲಿಗೆ ಬಂದರು. ದವಡೆ ಒಂದು ಕಡೆಗೆ ವಾಲಿತ್ತು, ಮಾತು ತೊದಲುತ್ತಿತ್ತು. ಕಿಡಿ ಅವರ ಮುಖ ನೋಡಲಾಗದೆ ಜಾಲರಿಯನ್ನೇ ನೋಡುತ್ತಿದ್ದ. ಅವರು ತಮ್ಮ ನೋವಿನ ಮಾತು ಎತ್ತಲಿಲ್ಲ. ರಬ್ಬಿಯ ಕಾಲು ಕೂಡಲಿಲ್ಲ, ಆದರೂ ಪಾಸ್ಟರು ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಮೌಲವಿಯ ಮನೆಗೆ ಕರೆದೊಯ್ಯುತ್ತಾರೆ ಎಂದು ಹೇಳಿದರು. ಗೋರಿಗೆ ಕಲ್ಲು ನಿಲ್ಲಿಸಬೇಕು, ಯಾರ ಹೆಸರು ಮೊದಲು ಎಂದು ಜಗಳ ಹತ್ತಿದೆ, ಪಾಸ್ಟರು ಎರಡು ಸಲ ಎದ್ದು ಹೊರನಡೆದರಂತೆ ಎಂದರು.

"ಎಂದಾದ್ರೂ ಒಂದಾಗ್ತೀರಾ ಫಾದರ್?" ಎಂದು ಕಿಡಿ ಕೇಳಿದ. ಆಡಿಕೊಳ್ಳಲು ಕೇಳಿದ್ದಲ್ಲ.

"ನನ್ನ ಕಾಲಕ್ಕಂತೂ ಇಲ್ಲ," ಎಂದರು ಪಾದ್ರಿ. "ನಿನ್ನ ಕಾಲಕ್ಕೂ ಇಲ್ಲ ಅನ್ಸುತ್ತೆ," ಎಂದು ಸೇರಿಸಿ, ಜಾಲರಿಯ ಸಂದಿಯಿಂದ ಎರಡು ಬೆರಳು ತೂರಿಸಿ ಅವನ ಬೆರಳುಗಳನ್ನು ಮುಟ್ಟಿ ಎದ್ದುಹೋದರು.

ಹೆಂಡತಿಯೂ ತಂಗಿಯೂ ಈಗ ಒಟ್ಟಿಗೇ ಬರುತ್ತಾರೆ. ತಂಗಿಯ ಬಲಗೈ ಮುಚ್ಚಿಕೊಂಡು ಕೂತಿದೆ, ಬೆರಳು ಬಿಡಿಸಲು ಬರುವುದಿಲ್ಲ. ತಂದ ಬುತ್ತಿಯನ್ನು ಎಡಗೈಯಲ್ಲೇ ವಾರ್ಡರ್‌ಗೆ ಕೊಡುತ್ತಾಳೆ. ಕಿಡಿ ಅವಳ ಹತ್ತಿರ ಕ್ಷಮೆ ಕೇಳಿದ್ದು ಒಂದೇ ಸಲ. ಅವಳು, ಆಯ್ತು ಬಿಡು ಎಂದು ಹೇಳಲಿಲ್ಲ, ಬರುವುದನ್ನು ನಿಲ್ಲಿಸಲೂ ಇಲ್ಲ.

ಒಮ್ಮೆ ಅವರು ಒಂದು ವಿಷಯ ಹೇಳಿದರು. ಭಾನುವಾರಗಳಂದು ನಾಲ್ಕೂ ಮನೆಯವರು ಬಯಲಿನ ಗೋರಿಗೆ ಹೋಗುತ್ತಾರೆ, ಈಗ ಲಂಬುವಿನ ತಾಯಿಯೂ ಬರತೊಡಗಿದ್ದಾಳೆ. ಮಗನ ಗೋರಿ ಹಳೆಯ ಸಭೆಯ ಸ್ಮಶಾನದಲ್ಲಿದ್ದರೂ ಅವನು ಬಿದ್ದ ಜಾಗ ಇದು. ಮೊದಲ ದಿನ ಅವಳು ಕಿಡಿಯ ಹೆಂಡತಿಯ ಮುಖಕ್ಕೆ ಉಗಿದಳು. ಹೆಂಡತಿ ಒರೆಸಿಕೊಂಡು ನೀರು ಕೊಟ್ಟರೆ ಲೋಟ ಬಿಸಾಡಿದಳು. ಮುಂದಿನ ವಾರ ಮತ್ತೆ ಬಂದಳು.

"ಈಗ ಏನಂತಾಳೆ?" ಎಂದು ಕಿಡಿ ಕೇಳಿದ.

"ಏನೂ ಅನ್ನಲ್ಲ," ಎಂದಳು ತಂಗಿ. "ಬಂದು ಕೂತ್ಕೋತಾಳೆ. ನಾವೂ ಪಕ್ಕದಲ್ಲಿ ಕೂತ್ಕೋತೀವಿ."

ನಿನ್ನನ್ನು ಬೈಯುವುದಿಲ್ಲವೇ, ನನ್ನ ಬಗ್ಗೆ ಕೇಳಲಿಲ್ಲವೇ ಎಂದು ಅವನಿಗೆ ಇನ್ನೂ ಕೇಳಬೇಕಿತ್ತು. ಅಷ್ಟರಲ್ಲಿ ಹೊತ್ತಾಯಿತು ಎಂದು ವಾರ್ಡರ್ ಕೂಗಿದ. ಹೆಂಡತಿ ಚೀಲ ಮಡಿಸಿಕೊಂಡು, ಮುಂದಿನ ಸಲ ದಪ್ಪ ಬನಿಯನ್ ತರುತ್ತೇನೆ ಎಂದು ಎದ್ದಳು. ಅವನು ಜೈಲಿನ ವರ್ಕ್‌ಶಾಪಿಗೆ ನಡೆದ. ಅಲ್ಲಿ ಆಸ್ಪತ್ರೆಯ ಮಂಚಗಳ ಕಾಲು ಬೆಸೆಯುವ ಕೆಲಸ ಅರ್ಧಕ್ಕೆ ನಿಂತಿತ್ತು.